ಒಂದೇ ಕೈಪಟ್ಟಿಯಲ್ಲಿ ಕಾಯಿಲೆಯ ಗುರುತು, ಕೈಖರ್ಚಿನ ಕಾಸು: ಅಮ್ಮನಿಗೆ ಮಾಡಿಕೊಟ್ಟ ಬಗೆ

ಮೈಸೂರಿನ ಶಿವರಾಂಪೇಟೆಯಲ್ಲಿ ನನ್ನದು ಕೆತ್ತನೆ ಅಂಗಡಿ. ರಬ್ಬರ್ ಸ್ಟಾಂಪು, ಮನೆ ಬಾಗಿಲಿನ ಹೆಸರಿನ ಫಲಕ, ಸ್ಕೂಲ್ ಡೇ ಟ್ರೋಫಿ, ಮದುವೆಗೆ ಕೊಡೋ ಸ್ಟೀಲ್ ಪಾತ್ರೆ ಮೇಲೆ ಹೆಸರು, ಇಂಥವೇ ಕೆಲಸ. ಮೊದಲು ಕೈಯಲ್ಲಿ ಕೆತ್ತುತ್ತಿದ್ದೆ, ಈಗ ಲೇಸರ್ ಮಷೀನಿದೆ. ಡಾಕ್ಟರೂ ಅಲ್ಲ, ಬ್ಯಾಂಕಿನವನೂ ಅಲ್ಲ. ಆದರೂ ಎರಡು ಮೂರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಕೈಪಟ್ಟಿಗಳಿಗೆ ಫಲಕ ಮಾಡಿದ್ದೇನೆ. ಮೊದಲನೆಯದು ನನ್ನ ಅಮ್ಮನದು. ಅದನ್ನು ಮೂರು ಸಲ ಕೆಡಿಸಿ ನಾಲ್ಕನೇ ಸಲಕ್ಕೆ ಸರಿಮಾಡಿದ್ದು. ನೀವು ಅಷ್ಟು ಸಲ ಕೆಡಿಸಬೇಕಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

2022ರ ಡಿಸೆಂಬರಿನ ಒಂದು ಬೆಳಿಗ್ಗೆ ಅಮ್ಮ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದವಳು ಹಾಗೇ ಕುಸಿದು ಕೂತಳು. ಎಪ್ಪತ್ತೊಂದು ವರ್ಷ, ಹಳೇ ಶುಗರು, ದಿನಕ್ಕೆರಡು ಸಲ ಇನ್ಸುಲಿನ್. ಅವತ್ತು ಏಕಾದಶಿ. ಅಭ್ಯಾಸದಂತೆ ಇಂಜೆಕ್ಷನ್ ಚುಚ್ಚಿಕೊಂಡು, ಏನೂ ತಿನ್ನದೆ ಹೊರಟಿದ್ದಳು, ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ಮೈ ಬೆವರಿ ಕೈ ನಡುಗೋದು ನೋಡಿ ಸುತ್ತ ನೆರೆದವರು ಫಿಟ್ಸ್ ಅಂದುಕೊಂಡರು. ಒಬ್ಬರು ಸ್ಕೂಟರಿನ ಕೀಗೊಂಚಲನ್ನೇ ಅವಳ ಮುಷ್ಟಿಯೊಳಗೆ ತುರುಕಿ ಒತ್ತಿ ಹಿಡಿದರಂತೆ. ಗೇಟಿನ ಹತ್ತಿರ ಟೀ ಮಾರೋ ಮನುಷ್ಯ ಮಾತ್ರ, ತನ್ನ ಮನೆಯಲ್ಲೂ ಶುಗರ್ ಇದ್ದವನು, ಲೋಟದ ತಳಕ್ಕೆ ಮೂರು ಚಮಚ ಸಕ್ಕರೆ ಹಾಕಿ ನೀರು ಬೆರೆಸಿ ತಂದು ಕುಡಿಸಿದ. ಇನ್ನೂ ನುಂಗುವಷ್ಟು ಎಚ್ಚರ ಇತ್ತು, ಬದುಕಿಕೊಂಡಳು. ಫೋನ್ ಮನೆಯಲ್ಲಿತ್ತು. ಪರ್ಸೂ ಮನೆಯಲ್ಲಿತ್ತು. ಟೀಯವನು ದುಡ್ಡು ಬೇಡ ಅಂದಿದ್ದು ಅಮ್ಮನಿಗೆ ಇವತ್ತಿಗೂ ಒಂದು ಋಣದ ಹಾಗೆ ಕಾಡುತ್ತದೆ.

ಮಾರನೇ ದಿನವೇ ನಾನು ಒಂದು ಸ್ಟೀಲ್ ಫಲಕ ಕೆತ್ತಿ, ಸರಪಳಿ ಹಾಕಿ ಕೊಟ್ಟೆ. "ನಾನೇನು ಕಾರ್ಪೊರೇಷನ್ ನಾಯಿನೇನೋ, ಬಿಲ್ಲೆ ಕಟ್ಟೋಕೆ?" ಅಂದಳು. ಅದು ದೇವರ ಮನೆಯ ಗೂಡಿನಲ್ಲಿ ಆರು ತಿಂಗಳು ಬಿದ್ದಿತ್ತು.

ಅದನ್ನು ಕೈಗೆ ತಂದದ್ದು ಕಾಸು. ಟ್ಯಾಪ್ ಮಾಡಿ ದುಡ್ಡು ಕೊಡೋ ಕೈಪಟ್ಟಿ ಬ್ಯಾಂಕಿನಲ್ಲಿ ಸಿಗುತ್ತದೆ ಅಂತ ಗೊತ್ತಾಗಿ ಒಂದು ತರಿಸಿದೆ. ಸೂಪರ್‌ಮಾರ್ಕೆಟಿನಲ್ಲಿ ಕೈ ಚಾಚಿದರೆ ಸಾಕು, ಬಿಲ್ ಮುಗಿಯುತ್ತದೆ ಅಂತ ಒಂದು ಸಲ ತೋರಿಸಿದ್ದಷ್ಟೇ. ಎದುರುಮನೆ ಪದ್ಮತ್ತೆಗೆ ತೋರಿಸೋದಕ್ಕಾದರೂ ಅಮ್ಮ ಅದನ್ನು ದಿನಾ ಕಟ್ಟಿಕೊಳ್ಳತೊಡಗಿದಳು. ಹಾಗಾಗಿ ನನ್ನ ಲೆಕ್ಕ ಇಷ್ಟು: ಪಟ್ಟಿ ಇರೋದು ಕಾಯಿಲೆಯ ಗುರುತಿಗೆ, ಅದನ್ನು ಮನೆಯಿಂದ ಆಚೆ ಕರೆದುಕೊಂಡು ಹೋಗೋದು ಮಾತ್ರ ಕಾಸು. ಎರಡಕ್ಕೂ ಗುಣ ಬೇರೆ ಬೇರೆ. ಗುರುತು ದಾರಿಹೋಕನಿಗೂ ಕಾಣಬೇಕು, ಕಾಸು ದಾರಿಹೋಕನ ಕೈಗೆ ಸಿಗಬಾರದು. ಒಂದರ ಗುಣವನ್ನು ಇನ್ನೊಂದಕ್ಕೆ ಹತ್ತಿಸಿದರೆ ಕೆಟ್ಟಿತು. ನಾನು ಮೂರನೇ ಸಲ ಕೆಡಿಸಿದ್ದೂ ಅಲ್ಲೇ.

ಫಲಕದ ಮೇಲೆ ಏನಿರಬೇಕು

ಮೆಡಿಕಲ್ ಗುರುತಿನ ಬಳೆ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಟರ್ಲಾಕ್ ಅನ್ನೋ ಊರಲ್ಲಿ. 1953ರಲ್ಲಿ ಡಾಕ್ಟರ್ ಕಾಲಿನ್ಸ್ ಎಂಬುವರ ಮಗಳು ಲಿಂಡಾಗೆ ಬೆರಳು ಕೊಯ್ದಾಗ ಧನುರ್ವಾಯು ಔಷಧಿಯ ಪರೀಕ್ಷಾ ಹನಿಯೇ ಒಗ್ಗದೆ ಪ್ರಾಣಕ್ಕೆ ಬಂದಿತ್ತು. ಆಮೇಲೆ ಅಪ್ಪ ಅಮ್ಮ ಮಗಳ ಕೋಟಿಗೆ ಚೀಟಿ ಸಿಕ್ಕಿಸಿ ಕಳಿಸುತ್ತಿದ್ದರಂತೆ. ಮುಂದೆ ಅದೇ ಅಕ್ಕಸಾಲಿಗನ ಕೈಯಲ್ಲಿ ಕೆತ್ತಿದ ಬೆಳ್ಳಿ ಬಳೆಯಾಯಿತು, 1956ರಲ್ಲಿ ಮೆಡಿಕ್‌ಅಲರ್ಟ್ ಸಂಸ್ಥೆಯಾಯಿತು. ನಮ್ಮ ಕಸುಬಿನವನೊಬ್ಬ ಆ ಕಥೆಯಲ್ಲಿ ಇದ್ದಾನೆ ಅನ್ನೋದು ನನಗೆ ಖುಷಿ. ಇರಲಿ. ಆ ಬಳೆಯಲ್ಲಿ ಬ್ಯಾಟರಿ ಇರಲಿಲ್ಲ, ನೆಟ್ ಬೇಕಿರಲಿಲ್ಲ. ನೀವು ಎಂಥಾ ಚಿಪ್ಪಿನ ಪಟ್ಟಿ ತಂದರೂ ಬರಿಗಣ್ಣಿಗೆ ಓದೋಕೆ ಸಿಗುವ ನಾಲ್ಕು ಸಾಲು ಅದರ ಮೇಲೆ ಇರಲೇಬೇಕು.

ನಾನು ಬಳಸೋ ಫಲಕ 40 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲ. ನಾಲ್ಕು ಸಾಲು, ಸಾಲಿಗೆ ಹೆಚ್ಚೆಂದರೆ ಇಪ್ಪತ್ತು ಅಕ್ಷರ. ಜಾಗ ಇಷ್ಟೇ ಅಂದ ಮೇಲೆ ಆಯ್ಕೆ ಮಾಡಬೇಕು. ಅಂಗಡಿಗೆ ಬರುವವರು ಹೇಳೋ ಪಟ್ಟಿ ಹೀಗಿರುತ್ತದೆ: "ಬಿಪಿ ಹಾಕಿ, ಶುಗರ್ ಹಾಕಿ, ಥೈರಾಯ್ಡ್ ಹಾಕಿ, ಗ್ಯಾಸ್ಟ್ರಿಕ್ಕೂ ಇದೆ ನೋಡಿ." ಗ್ಯಾಸ್ಟ್ರಿಕ್ಕನ್ನು ಸ್ಟೀಲಿನ ಮೇಲೆ ಕೆತ್ತಿಸುವಷ್ಟು ಪ್ರೀತಿ ನಮ್ಮ ಜನಕ್ಕೆ. ನಾನು ಕೇಳೋದು ಒಂದೇ ಪ್ರಶ್ನೆ: ನೀವು ಮಾತಾಡಲಾರದೆ ಬಿದ್ದಿದ್ದಾಗ, ಇದು ಗೊತ್ತಿಲ್ಲದಿದ್ದರೆ ಮುಂದಿನ ಅರ್ಧ ಗಂಟೆಯಲ್ಲಿ ಯಾರಾದರೂ ತಪ್ಪು ಮಾಡುತ್ತಾರಾ?

ಹೌದು ಅನ್ನಿಸುವವು ಕೆಲವೇ. ಇನ್ಸುಲಿನ್ ತಗೊಳ್ಳೋದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳೋದು, ವಾರ್ಫರಿನ್, ಅಸಿಟ್ರೋಮ್ ಥರದವು. ಫಿಟ್ಸ್. ಪೇಸ್‌ಮೇಕರ್. ಪೆನಿಸಿಲಿನ್ ಥರದ ಔಷಧಿಗಳ ಅಲರ್ಜಿ. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ತೋಳಲ್ಲಿ ಫಿಸ್ಟುಲಾ, ಅಂದರೆ ರಕ್ತನಾಳಗಳ ಜೋಡಣೆ, ಮಾಡಿರುತ್ತಾರೆ. ಆ ಕೈಗೆ ಸೂಜಿ ಚುಚ್ಚಬಾರದು, ಬಿಪಿ ಪಟ್ಟಿ ಸುತ್ತಬಾರದು ಅನ್ನೋದನ್ನು ಕೆತ್ತಿಸಬೇಕು. ಕೈಪಟ್ಟಿಯನ್ನೂ ಆ ಕೈಗೆ ಕಟ್ಟಬಾರದು, ಇನ್ನೊಂದು ಕೈಗೆ. ಇದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಡಯಾಲಿಸಿಸ್ ರೋಗಿಯೇ. ಅವರ ಫಲಕವನ್ನು ನಾನು ತಪ್ಪು ಕೈಗೆ ಅಳತೆ ಮಾಡಿದ್ದೆ.

ರಕ್ತದ ಗುಂಪು ಬೇಡವಾ ಅಂತ ಎಲ್ಲರೂ ಕೇಳುತ್ತಾರೆ. ಜಾಗ ಉಳಿದರೆ ಹಾಕಿ. ರಕ್ತ ಕೊಡೋ ಮೊದಲು ಆಸ್ಪತ್ರೆಯವರು ತಾವೇ ಪರೀಕ್ಷೆ ಮಾಡಿ ಹೊಂದಿಸಿ ನೋಡುತ್ತಾರೆ, ಫಲಕ ನಂಬಿ ಯಾರೂ ಬಾಟಲಿ ಏರಿಸುವುದಿಲ್ಲ. ಕೆತ್ತೋ ಮೊದಲು ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ನಿಮ್ಮನ್ನು ನೋಡುವ ಡಾಕ್ಟರಿಗೆ ತೋರಿಸಿ. ನಮ್ಮ ಡಾಕ್ಟರು ಅಮ್ಮನ ಚೀಟಿಯಲ್ಲಿ ಬಿಪಿ ಮಾತ್ರೆ ಹೊಡೆದು ಹಾಕಿ, ನಾನು ಮರೆತೇಬಿಟ್ಟಿದ್ದ ಪೆನಿಸಿಲಿನ್ ಬರೆದರು. ಅಮ್ಮನಿಗೆ ಯಾವತ್ತೋ ಮೈಯೆಲ್ಲಾ ಗಂಧೆ ಎದ್ದಿದ್ದು ಅವರ ಫೈಲಿನಲ್ಲಿ ಇತ್ತು.

ಇನ್ನು ಯಾವ ಭಾಷೆ? ಇಲ್ಲಿ ನಾನು ಮೊದಲನೇ ಸಲ ಕೆಡಿಸಿದ್ದು. ಕನ್ನಡದವನು, ಎಲ್ಲಾ ಕನ್ನಡದಲ್ಲೇ ಕೆತ್ತಿದೆ. ಎರಡು ಮಿಲಿಮೀಟರ್ ಎತ್ತರದಲ್ಲಿ ಒತ್ತಕ್ಷರಗಳು ಮುಚ್ಚಿಕೊಂಡು ಕಪ್ಪು ಚುಕ್ಕೆಯಾದವು. 'ಇನ್ಸುಲಿನ್'ನ ಸು ಒತ್ತು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅದಲ್ಲದೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಾತ್ರಿ ಇರೋ ಡಾಕ್ಟರು ಯಾವ ರಾಜ್ಯದವರೋ. ಎರಡನೇ ಸಲ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಕೆತ್ತಿ ಅಮ್ಮನ ಟೀಯವನಿಗೆ ತೋರಿಸಿದೆ. ಅವನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗೈತೆ ಸಾ, ಏನಂತ ಬರ್ದೈತೆ?" ಅಂದ.

ಆಗ ಹೊಳೆಯಿತು, ಈ ಫಲಕ ಓದುವವರು ಇಬ್ಬರು. ಮೊದಲು ಬರೋದು ಟೀಯವನು, ಆಟೋದವನು, ವಾಕಿಂಗಿನವರು. ಡಾಕ್ಟರು ಸಿಗೋದು ಆಮೇಲೆ. ಈಗ ಅಮ್ಮನ ಫಲಕದ ಮೊದಲ ಸಾಲು ಕನ್ನಡ, ಅದೂ ಮೂರು ಮಿಲಿಮೀಟರ್ ಎತ್ತರದಲ್ಲಿ, ಒತ್ತಕ್ಷರ ಆದಷ್ಟು ಕಡಿಮೆ ಮಾಡಿ: "ಶುಗರ್ ಇದೆ. ಸಕ್ಕರೆ ಕೊಡಿ." ಎರಡನೇ ಸಾಲು ಮತ್ತು ಮೂರನೇ ಸಾಲು ಇಂಗ್ಲಿಷ್ ಅಕ್ಷರದಲ್ಲಿ, ಡಾಕ್ಟರಿಗೆ: ಡಯಾಬಿಟಿಸ್, ಇನ್ಸುಲಿನ್, ಅಲರ್ಜಿ, ಪೆನಿಸಿಲಿನ್. ನಾಲ್ಕನೇ ಸಾಲು ಫೋನ್ ನಂಬರ್. ಫಲಕದ ಹಿಂಬದಿಯಲ್ಲಿ ಅವಳ ಹೆಸರು, ಹುಟ್ಟಿದ ವರ್ಷ, ಇನ್ನೊಂದು ನಂಬರ್, ಮತ್ತೆ ಕನ್ನಡದಲ್ಲೇ ಒಂದು ಸಾಲು: "ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ." ಇದು ಮುಖ್ಯ. ಎಚ್ಚರ ಇದ್ದು ನುಂಗುವ ಹಾಗಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚದಷ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಸಕ್ಕರೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡೋದೇ ಸರಿ.

ಫೋನ್ ನಂಬರಿನ ಬಗ್ಗೆ ಎರಡು ಮಾತು. ಒಬ್ಬ ಯಜಮಾನರು ತಮ್ಮದೇ ನಂಬರ್ ಕೆತ್ತಿಸಿಕೊಂಡು ಹೋದರು. ಅವರು ಬಿದ್ದರೆ ಜನ ಅವರ ಜೇಬಿನಲ್ಲೇ ರಿಂಗ್ ಆಗೋದನ್ನು ಕೇಳಬೇಕು, ಅಷ್ಟೇ. ವಾರ ಬಿಟ್ಟು ಅವರೇ ನಗುತ್ತಾ ವಾಪಸ್ ಬಂದರು. ಒಂದು ನಂಬರ್ ಮನೆಯವರದು, ಇನ್ನೊಂದು ಬೇರೆ ಮನೆಯಲ್ಲಿರೋರದು ಹಾಕಿ. ಹತ್ತು ಅಂಕೆಯನ್ನು ಐದು–ಐದಾಗಿ ಬಿಡಿಸಿ ಕೆತ್ತಿಸಿ, ನಾವು ಬಾಯಲ್ಲಿ ಹೇಳೋದೂ ಹಾಗೆಯೇ. ನಂಬರಿನ ಮುಂದೆ 'ಮಗ', 'ಮಗಳು' ಅಂತ ಇದ್ದರೆ ಫೋನ್ ಮಾಡುವವರಿಗೆ ಮಾತು ಶುರುಮಾಡೋದು ಸುಲಭ.

ವಿಳಾಸ ಬೇಡ. ಆಧಾರ್ ನಂಬರ್ ಬೇಡ. ಬ್ಯಾಂಕಿನ ಹೆಸರೂ ಬೇಡ. "ಹಿಂದೆ ಪಿನ್ ನಂಬರ್ ಸಣ್ಣದಾಗಿ ಕೆತ್ತಿಬಿಡಪ್ಪಾ, ಮರೆತುಹೋಗುತ್ತೆ" ಅಂದ ತಾತನೊಬ್ಬರಿಗೆ ಟೀ ತರಿಸಿ ಕುಡಿಸಿ, ಅರ್ಧ ಗಂಟೆ ಬೇರೆ ಮಾತಾಡಿ ಕಳಿಸಿದ್ದೇನೆ.

ಕ್ಯೂಆರ್ ಹಾಕಿಸುವವರಿಗೆ

ಫಲಕದಲ್ಲಿ ಹಿಡಿಸದ್ದನ್ನು ಕ್ಯೂಆರ್‌ನಲ್ಲಿ ಹಾಕೋಣ ಅನ್ನಿಸುತ್ತದೆ. ಹಾಕಿ, ಆದರೆ ಫಲಕಕ್ಕೆ ಬದಲಾಗಿ ಅಲ್ಲ. ಕ್ಯೂಆರ್ ಎರಡು ಥರ. ಒಂದು ಯಾವುದೋ ವೆಬ್ ವಿಳಾಸಕ್ಕೆ ಕರೆದುಕೊಂಡು ಹೋಗುತ್ತದೆ. ವಿವರ ಬೇಕಾದಾಗ ಬದಲಾಯಿಸಬಹುದು, ಆದರೆ ನೆಟ್ ಬೇಕು, ವರ್ಷದ ಚಂದಾ ಕಟ್ಟೋದು ಮರೆತರೆ ಪುಟವೇ ಮಾಯ. ಇನ್ನೊಂದರಲ್ಲಿ ಬರಹ ಆ ಚೌಕಗಳ ಒಳಗೇ ಇರುತ್ತದೆ. ಬದಲಾಯಿಸೋಕೆ ಆಗದು, ಆದರೆ ಮೊಬೈಲ್ ಕ್ಯಾಮೆರಾ ಇದ್ದರೆ ಸಾಕು, ನೆಟ್ ಇಲ್ಲದಿದ್ದರೂ ಓದುತ್ತದೆ. ನನ್ನ ಮತ ಎರಡನೆಯದಕ್ಕೆ.

ಬರಹ ಹೆಚ್ಚಿದಷ್ಟೂ ಚೌಕಗಳು ಸಣ್ಣವಾಗುತ್ತವೆ. ಇಲ್ಲಿ ಕನ್ನಡಕ್ಕೆ ಒಂದು ದಂಡ ಬೀಳುತ್ತದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ (ಕಂಪ್ಯೂಟರಿನಲ್ಲಿ ಬರಹದ ಜಾಗ ಅಳೆಯೋ ಅಳತೆ) ತಗೊಂಡರೆ ನಮ್ಮ ಪ್ರತಿಯೊಂದು ಅಕ್ಷರ, ಪ್ರತಿಯೊಂದು ಗುಣಿತದ ಚಿಹ್ನೆ, ಪ್ರತಿಯೊಂದು ಅರ್ಧಾಕ್ಷರದ ಗುರುತು ಮೂರು ಮೂರು ಬೈಟ್. ಇನ್ಸುಲಿನ್ ಅಂತ ಇಂಗ್ಲಿಷಿನಲ್ಲಿ ಬರೆದರೆ 7 ಬೈಟ್, ಕನ್ನಡದಲ್ಲಿ 27. ಹದಿನೈದು ಮಿಲಿಮೀಟರ್ ಫಲಕದ ಮೇಲೆ ಅಷ್ಟು ಹಿಡಿಸಲು ಹೋದರೆ ಕ್ಯಾಮೆರಾ ಓದೋದಿಲ್ಲ. ಹೊಟ್ಟೆ ಉರಿದರೂ ಕ್ಯೂಆರ್ ಒಳಗಿನ ಬರಹ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕೆತ್ತುವವನಿಗೆ ಹೇಳಿ: ಹೊಳಪಿನ ಸ್ಟೀಲ್ ಮೇಲೆ ಬಿಳಿ ಗೀರು ಬೇಡ, ಶಾಖದಲ್ಲಿ ಕಪ್ಪು ಮಾಡಬೇಕು, ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಬಿಡಬೇಕು. ಅಂಗಡಿ ಬಿಡೋ ಮೊದಲು ಬಿಸಿಲಲ್ಲೊಮ್ಮೆ, ಟ್ಯೂಬ್‌ಲೈಟ್ ಕೆಳಗೊಮ್ಮೆ ಸ್ಕ್ಯಾನ್ ಮಾಡಿ ನೋಡಿ.

ನಮ್ಮ ಊರಲ್ಲಿ ಇದರ ಇನ್ನೊಂದು ತಮಾಷೆ ಇದೆ. ಕ್ಯೂಆರ್ ಕಂಡರೆ ದುಡ್ಡು ಕಳಿಸೋದು ಅಂತಲೇ ಜನಕ್ಕೆ ರೂಢಿ. ಬಸ್ಸಲ್ಲಿ ಒಬ್ಬ ಹುಡುಗ ಅಮ್ಮನ ಕೈ ನೋಡಿ, "ಅಜ್ಜಿ, ನಿಮ್ಮ ಕೈಗೆ ದುಡ್ಡು ಹಾಕ್ಬೋದಾ?" ಅಂದನಂತೆ. ಯುಪಿಐ ಆಪ್‌ನಿಂದ ಸ್ಕ್ಯಾನ್ ಮಾಡಿದರೆ ಇದು ಸರಿಯಾದ ಕೋಡ್ ಅಲ್ಲ ಅಂತ ಬರುತ್ತದೆ, ಸ್ಕ್ಯಾನ್ ಮಾಡಿದವರು ಕೈಬಿಡುತ್ತಾರೆ. ಅದಕ್ಕೇ ಕ್ಯೂಆರ್ ಪಕ್ಕದಲ್ಲಿ 'ಮೆಡಿಕಲ್' ಅಂತ ಒಂದು ಪದ, ಆಂಬುಲೆನ್ಸ್ ಮೇಲೆ ಇರೋ ಆರು ತೋಳಿನ, ಹಾವು ಸುತ್ತಿದ ಕೋಲಿನ ನಕ್ಷತ್ರದ ಗುರುತು ಇರಬೇಕು. 'ಫೋನ್ ಕ್ಯಾಮೆರಾದಲ್ಲಿ ನೋಡಿ' ಅಂತ ಜಾಗ ಇದ್ದರೆ ಇನ್ನೂ ಒಳ್ಳೆಯದು.

ಕಾಸಿನ ಭಾಗ

ಭಾರತದಲ್ಲಿ ಇಂಥ ಪಟ್ಟಿಗಳು ಹೊಸತೇನಲ್ಲ. 2020ರಲ್ಲಿ ಟೈಟಾನ್ ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಟ್ಯಾಪ್ ಮಾಡುವ ವಾಚ್ ತಂದವು, 2021ರಲ್ಲಿ ಆಕ್ಸಿಸ್ ಬ್ಯಾಂಕ್ ಕೈಪಟ್ಟಿ, ಕೀಚೈನ್, ವಾಚಿನ ಪಟ್ಟಿಗೆ ಸಿಕ್ಕಿಸೋ ತುಣುಕು ತಂದಿತು. ಈಗ ಯಾವ ಬ್ಯಾಂಕಿನಲ್ಲಿ ಏನು ಸಿಗುತ್ತದೆ ಅನ್ನೋದನ್ನು ನಿಮ್ಮ ಶಾಖೆಯಲ್ಲೇ ಕೇಳಿ. ನಿಮಗೆ ಬೇಕಾದ್ದು ಪಟ್ಟಿಯಿಂದ ಬಿಡಿಸಿ ತೆಗೆಯಬಹುದಾದ ಚಿಪ್. ಅದು ಡೆಬಿಟ್ ಕಾರ್ಡಿನ ಹಾಗೇ ಕೆಲಸ ಮಾಡುತ್ತದೆ, ಅದಕ್ಕೂ ಅವಧಿ ಮುಗಿಯೋ ತಾರೀಕು ಇರುತ್ತದೆ. ಚಾರ್ಜ್ ಬೇಡ, ಮಷೀನಿನ ಹತ್ತಿರ ಹಿಡಿದಾಗ ಮಷೀನೇ ಅದಕ್ಕೆ ವಿದ್ಯುತ್ ಕೊಡುತ್ತದೆ.

ಒಬ್ಬ ಕಾಲೇಜು ಹುಡುಗ ಡೆಬಿಟ್ ಕಾರ್ಡ್ ತಂದು, "ಅಂಕಲ್, ಚಿಪ್ ಮಾತ್ರ ಕಟ್ ಮಾಡಿಕೊಡಿ, ಬ್ಯಾಂಡಿಗೆ ಅಂಟಿಸ್ತೀನಿ" ಅಂದ. ದಯವಿಟ್ಟು ಮಾಡಬೇಡಿ. ಟ್ಯಾಪ್ ಕೆಲಸ ಮಾಡೋದು ಬರೀ ಆ ಚಿನ್ನದ ಬಣ್ಣದ ಚೌಕದಿಂದಲ್ಲ. ಕಾರ್ಡಿನೊಳಗೆ ಅಂಚಿನುದ್ದಕ್ಕೂ ಕೂದಲೆಳೆಯಂಥ ಆಂಟೆನಾ ಸುತ್ತಿರುತ್ತದೆ. ಕತ್ತರಿಸಿದರೆ ಅದು ಸತ್ತಿತು. ಮೇಲಾಗಿ ಕಾರ್ಡು ಪಿವಿಸಿ. ಲೇಸರಿನಲ್ಲಿ ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಏಳುತ್ತದೆ, ನನ್ನ ಶ್ವಾಸಕೋಶವೂ ಹೋಯಿತು, ಮಷೀನೂ ತುಕ್ಕು ಹಿಡಿಯಿತು. ಯಾವ ಕೆತ್ತನೆಯವನಾದರೂ ಒಪ್ಪಿಕೊಂಡರೆ ಅವನ ಅಂಗಡಿಯಿಂದ ಆಚೆ ಬನ್ನಿ.

ಈಗ ನನ್ನ ಮೂರನೇ ತಪ್ಪು, ಎಲ್ಲಕ್ಕಿಂತ ಪಾಠ ಕಲಿಸಿದ್ದು. ಬುದ್ಧಿವಂತಿಕೆ ತೋರಿಸೋಕೆ ಹೋಗಿ ಫಲಕದ ಹಿಂದೆ ಒಂದು ಎನ್‌ಎಫ್‌ಸಿ ಸ್ಟಿಕ್ಕರ್ (ಹತ್ತಿರ ಹಿಡಿದರೆ ಓದಿಸಿಕೊಳ್ಳೋ ಚಿಪ್ ಇರೋದು) ಅಂಟಿಸಿ, ಅದರಲ್ಲಿ ಕಾಯಿಲೆ ವಿವರ ತುಂಬಿದ್ದೆ. ಫೋನ್ ತಾಗಿಸಿದರೆ ವಿವರ ಬರಲಿ ಅಂತ. ಸ್ಟೀಲಿನ ಮೇಲೆ ಕೆಲಸ ಮಾಡೋ ವಿಶೇಷ ಸ್ಟಿಕ್ಕರೇ ತಂದಿದ್ದೆ, ಯಾಕೆಂದರೆ ಮಾಮೂಲಿ ಸ್ಟಿಕ್ಕರನ್ನು ಲೋಹಕ್ಕೆ ಅಂಟಿಸಿದರೆ ಅದು ಮೂಕವಾಗುತ್ತದೆ. ಮನೆಯಲ್ಲಿ ನೋಡಿದಾಗ ಭಲೇ ಚೆನ್ನಾಗಿತ್ತು. ಸೂಪರ್‌ಮಾರ್ಕೆಟಿನಲ್ಲಿ ಅಮ್ಮ ಕೈ ಚಾಚಿದರೆ ಮಷೀನ್ ಕೀಂ ಅಂದು ನಿರಾಕರಿಸಿತು. ಕೌಂಟರಿನ ಹುಡುಗಿ, "ಆಂಟಿ, ಎರಡು ಕಾರ್ಡ್ ಇದ್ಯಾ? ಒಂದೇ ಇಡಿ" ಅಂದಳು. ಅಮ್ಮನ ಹಿಂದೆ ಐದು ಜನ ಬುಟ್ಟಿ ಹಿಡಿದು ನಿಂತಿದ್ದರು. ಅವಳ ಮುಖ ಕೆಂಪಾಗಿತ್ತು. ಅವತ್ತು ಸಂಜೆ ನನಗೆ ಕಾಫಿ ಸಿಗಲಿಲ್ಲ.

ಆಗಿದ್ದೇನೆಂದರೆ ಎರಡು ಚಿಪ್ಪೂ ಮಾತಾಡೋದು ಒಂದೇ ಅಲೆಯಲ್ಲಿ, 13.56 ಮೆಗಾಹರ್ಟ್ಸ್. ಮಷೀನಿಗೆ ಒಟ್ಟಿಗೆ ಎರಡು ಚಿಪ್ ಕಂಡರೆ ಯಾವುದರಿಂದ ದುಡ್ಡು ತಗೊಳ್ಳೋದು ಅಂತ ಊಹೆ ಮಾಡದೆ, ಒಂದೇ ಇಡಿ ಅನ್ನುತ್ತದೆ. ಹಾಗೆ ಅನ್ನೋದೇ ಸರಿ. ಪರಿಹಾರ ಸುಲಭ: ಎರಡನ್ನೂ ಮಣಿಕಟ್ಟಿನ ಎದುರುಬದುರು ಇಡಿ. ಎನ್‌ಎಫ್‌ಸಿಯ ವ್ಯಾಪ್ತಿ ಕೆಲವೇ ಸೆಂಟಿಮೀಟರ್, ಅದಕ್ಕೇ ನಡುವೆ ಕೈ ಅಡ್ಡ ಇದ್ದರೆ ಸಾಕಾಯಿತು. ನಾನಂತೂ ಸ್ಟಿಕ್ಕರನ್ನೇ ಕಿತ್ತೆ, ಅಷ್ಟು ಸರ್ಕಸ್ ಬೇಕಾಗಿರಲಿಲ್ಲ. ಈಗ ಫಲಕ ಮಣಿಕಟ್ಟಿನ ಒಳಬದಿ, ನಾಡಿ ಹಿಡಿಯೋ ಕಡೆ. ಚಿಪ್ಪು ಹೊರಬದಿ, ವಾಚಿನ ಮುಖ ಇರೋ ಕಡೆ. ನಾಡಿ ನೋಡೋಕೆ ಕೈ ಹಿಡಿದವರ ಬೆರಳಿಗೆ ಫಲಕ ತಾನಾಗೇ ತಾಗುತ್ತದೆ. ದುಡ್ಡು ಕೊಡುವಾಗ ಹೊರಬದಿಯನ್ನು ಮಷೀನಿಗೆ ತೋರಿಸೋದೂ ಸಹಜ. ಇದು ಗೊತ್ತಿದ್ದರೆ ಮೊದಲನೇ ದಿನವೇ ಮಾಡುತ್ತಿದ್ದೆ.

ಬ್ಯಾಂಕಿನ ಕಡೆಯ ಕೆಲಸ. ನಿಮ್ಮ ಪಿಂಚಣಿ ಬರೋ, ಎಫ್‌ಡಿ ಇರೋ ಖಾತೆಗೆ ಪಟ್ಟಿಯನ್ನು ಜೋಡಿಸಬೇಡಿ. ನಾವು ಅಮ್ಮ–ನಾನು ಜಂಟಿಯಾಗಿ ಒಂದು ಸಣ್ಣ ಉಳಿತಾಯ ಖಾತೆ ತೆಗೆದು, ತಿಂಗಳಿಗೆ ಎರಡು ಸಾವಿರ ಹಾಕುತ್ತೇವೆ. ಪಿನ್ ಇಲ್ಲದೆ ಟ್ಯಾಪ್ ಮಾಡಬಹುದಾದ ಮಿತಿ 2021ರ ಜನವರಿ 1ರಿಂದ 5,000 ರೂಪಾಯಿ. ಮೊದಲು 2,000 ಇತ್ತು. ಅಮ್ಮನಿಗೆ ಅಷ್ಟು ಬೇಡ. ಬ್ಯಾಂಕಿನ ಆಪ್‌ನಲ್ಲಿ ಹೋಗಿ ಮಿತಿಯನ್ನು 500ಕ್ಕೆ ಇಳಿಸಿದೆ. ಹೀಗೆ ಮಿತಿ ಇಳಿಸೋ, ಟ್ಯಾಪ್ ನಿಲ್ಲಿಸೋ ಸೌಲಭ್ಯವನ್ನು ಬ್ಯಾಂಕು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ 2020ರ ಆದೇಶ ಇದೆ. ಅದೇ ಆದೇಶದ ಪ್ರಕಾರ ಹೊಸ ಕಾರ್ಡಿನಲ್ಲಿ ಟ್ಯಾಪ್ ಮುಚ್ಚಿಯೇ ಬರುತ್ತದೆ, ನೀವೇ ತೆರೆಯಬೇಕು. ಪಟ್ಟಿ ತಂದ ಮೊದಲ ದಿನ ಎಲ್ಲೂ ನಡೆಯದಿದ್ದರೆ ಪಟ್ಟಿ ಕೆಟ್ಟಿದೆ ಅಂದುಕೊಳ್ಳಬೇಡಿ, ಆಪ್‌ನಲ್ಲಿ 'ಕಾಂಟ್ಯಾಕ್ಟ್‌ಲೆಸ್' ಅನ್ನೋ ಗುಂಡಿ ನೋಡಿ. ವಿದೇಶಿ ವ್ಯವಹಾರ, ಆನ್‌ಲೈನ್ ವ್ಯವಹಾರ ಎರಡನ್ನೂ ಮುಚ್ಚಿಡಿ.

ಎಲ್ಲೆಲ್ಲಿ ನಡೆಯುತ್ತದೆ ಅನ್ನೋದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮನೆಯ ಹಿರಿಯರಿಗೆ ನಿರಾಸೆ. ಸೊಪ್ಪಿನ ಗಾಡಿಯಲ್ಲಿ, ಹೂವಿನವಳ ಹತ್ತಿರ, ಹಾಲಿನ ಬೂತಿನಲ್ಲಿ ಇರೋದು ಅಂಟಿಸಿದ ಕ್ಯೂಆರ್. ಕೈಪಟ್ಟಿಗೆ ಅದನ್ನು ಸ್ಕ್ಯಾನ್ ಮಾಡೋಕೆ ಕಣ್ಣಿಲ್ಲ. ಸ್ವೈಪ್ ಮಷೀನ್ ಇರೋ ಕಡೆ ಮಾತ್ರ ನಡೆಯುತ್ತದೆ: ಸೂಪರ್‌ಮಾರ್ಕೆಟ್, ದೊಡ್ಡ ಮೆಡಿಕಲ್ ಸ್ಟೋರ್, ಪೆಟ್ರೋಲ್ ಬಂಕ್, ಆಸ್ಪತ್ರೆಯ ಬಿಲ್ ಕೌಂಟರ್. ಬಸ್ಸಿನಲ್ಲಂತೂ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನಿಗೆ ಟಿಕೆಟ್ಟಿನ ಚಿಂತೆಯೇ ಇಲ್ಲ. ಹಾಗಾಗಿ ಪಟ್ಟಿಯ ಒಳಮಡಿಕೆಯಲ್ಲಿ ನಾಲ್ಕಾಗಿ ಮಡಿಚಿದ ಒಂದು ನೂರು ರೂಪಾಯಿ ನೋಟು ಕೂಡ ಇಟ್ಟಿದ್ದೇನೆ. ಹೇಳಿಕೊಳ್ಳೋಕೆ ನಾಚಿಕೆ, ಆದರೆ ಟೀಯವನಿಗೆ ಬೇಕಾದ್ದು ಅದೇ.

ಪಟ್ಟಿ ಕಳೆದರೆ ಮೊದಲ ಕೆಲಸ ಆಪ್‌ನಲ್ಲಿ ಬ್ಲಾಕ್ ಮಾಡೋದು, ಇಲ್ಲವೇ ಬ್ಯಾಂಕಿಗೆ ಫೋನ್. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ, ಹಾಗಾಗಿ ತಿಳಿಸಿದ ಸಮಯ ಬರೆದಿಟ್ಟುಕೊಳ್ಳಿ. ವಂಚನೆ ಅನ್ನಿಸಿದರೆ 1930. ಆಸ್ಪತ್ರೆಗೆ ಸೇರಿಸುವಾಗ ಪಟ್ಟಿ ಬಿಚ್ಚಿ ಕವರಿನಲ್ಲಿ ಹಾಕಿ ಯಾರದೋ ಕೈಗೆ ಕೊಡುತ್ತಾರೆ. ಎಂಆರ್‌ಐ ಕೋಣೆಯೊಳಗಂತೂ ಅದನ್ನು ಕಟ್ಟಿಕೊಂಡು ಹೋಗುವಂತೆಯೇ ಇಲ್ಲ. ಆ ಗಡಿಬಿಡಿಯಲ್ಲಿ ಕವರ್ ಕಾಣೆಯಾಗೋದು ಹೊಸದಲ್ಲ. ಅಡ್ಮಿಟ್ ಆದ ದಿನವೇ ಟ್ಯಾಪ್ ಆಫ್ ಮಾಡಿ, ಡಿಸ್ಚಾರ್ಜ್ ಆದ ಮೇಲೆ ಆನ್ ಮಾಡಿ.

ಕಟ್ಟೋದು, ಪರೀಕ್ಷೆ ಮಾಡೋದು

ಫಲಕಕ್ಕೆ 316ಎಲ್ ಸ್ಟೀಲ್ ತಗೊಳ್ಳಿ, ಬೆವರಿಗೆ ಬೇಗ ಬಗ್ಗೋದಿಲ್ಲ. ಅಗ್ಗದ ಓಲೆ ಹಾಕಿದರೆ ಕಿವಿ ತುರಿಸುವವರಿಗೆ ನಿಕ್ಕಲ್ ಆಗೋದಿಲ್ಲ, ಈ ಸ್ಟೀಲಿನಲ್ಲೂ ನಿಕ್ಕಲ್ ಇದೆ; ಅವರಿಗೆ ಟೈಟಾನಿಯಂ. ನಾನು ಫಲಕವನ್ನು ಅಂಟಿಸೋದಿಲ್ಲ, ಎರಡು ಸಣ್ಣ ಸ್ಕ್ರೂ ಹಾಕುತ್ತೇನೆ. ಚಿಪ್ಪಿನ ಅವಧಿ ಮುಗಿದು ಹೊಸ ಪಟ್ಟಿ ಬಂದಾಗ ಫಲಕ ಅದಕ್ಕೆ ಹಾಕಬಹುದು, ಔಷಧಿ ಬದಲಾದರೆ ಪಟ್ಟಿ ಉಳಿಸಿಕೊಂಡು ಫಲಕ ಬದಲಾಯಿಸಬಹುದು. ಕಟ್ಟಿದ ಮೇಲೆ ಒಂದು ಬೆರಳು ಸಲೀಸಾಗಿ ತೂರಬೇಕು. ವಯಸ್ಸಾದವರ ಚರ್ಮ ಕಾಗದದ ಹಾಗೆ, ಸಂಜೆ ಹೊತ್ತಿಗೆ ಕೈ ಊದುತ್ತದೆ. ರಾತ್ರಿ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒರೆಸಿಡಿ. ಗಾಜಿನ ಬಳೆ ಹಾಕುವವರು ಇದನ್ನು ಬಳೆ ಇಲ್ಲದ ಕೈಗೆ ಕಟ್ಟಬೇಕು, ಬಳೆಯ ನಡುವೆ ಸಿಕ್ಕಿದರೆ ಯಾರಿಗೂ ಕಾಣೋದಿಲ್ಲ. ಅಮ್ಮ ಇದಕ್ಕೆ ಒಪ್ಪೋಕೆ ಎರಡು ವಾರ ತಗೊಂಡಳು. ಕೊನೆಗೆ ಎಡಗೈಯ ಬಳೆ ಎರಡಕ್ಕೆ ಇಳಿಯಿತು.

ಕೊನೆಗೊಂದು ಪರೀಕ್ಷೆ. ಎದುರುಮನೆಯ ಹೈಸ್ಕೂಲ್ ಹುಡುಗನನ್ನು ಕರೆದು, ಏನೂ ಹೇಳದೆ ಪಟ್ಟಿ ಕೈಗೆ ಕೊಡಿ. "ಈ ಅಜ್ಜಿ ರಸ್ತೇಲಿ ಬಿದ್ದಿದ್ದಾರೆ, ಏನು ಮಾಡ್ತೀಯಪ್ಪಾ?" ಅಂತ ಕೇಳಿ. ಅರ್ಧ ನಿಮಿಷದಲ್ಲಿ ಅವನು ಫೋನ್ ನಂಬರ್ ಒತ್ತಿದರೆ, ಸಕ್ಕರೆಯ ಮಾತು ಎತ್ತಿದರೆ ಫಲಕ ಪಾಸು. ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸೋಕೆ ಹೋದರೆ ಮತ್ತೆ ಅಂಗಡಿಗೆ ಬನ್ನಿ. ಜತೆಗೆ ಅಮ್ಮನ ಮೊಬೈಲಿನ ಲಾಕ್ ಸ್ಕ್ರೀನಿನಲ್ಲಿ 'ಎಮರ್ಜೆನ್ಸಿ ಇನ್‌ಫರ್ಮೇಷನ್' ಅನ್ನೋ ಜಾಗವನ್ನೂ ತುಂಬಿಸಿಡಿ. ಐಫೋನಿನಲ್ಲಿ ಅದು ಹೆಲ್ತ್ ಆಪ್‌ನೊಳಗೆ 'ಮೆಡಿಕಲ್ ಐಡಿ' ಅಂತ ಇರುತ್ತದೆ. ಉದ್ದದ ಔಷಧಿ ಪಟ್ಟಿಗೆ ಅದೇ ಸರಿಯಾದ ಜಾಗ.

ಒಂದು ವಿಷಯ ಮಾತ್ರ ನಾನು ಮೊದಲೇ ಯೋಚಿಸಿರಲಿಲ್ಲ. ಖಾತೆಗೆ ಕೊಟ್ಟಿದ್ದು ನನ್ನ ಮೊಬೈಲ್ ನಂಬರ್. ಅಮ್ಮ ಟ್ಯಾಪ್ ಮಾಡಿದ ಪ್ರತಿ ರೂಪಾಯಿಗೂ ಎಸ್ಸೆಮ್ಮೆಸ್ ನನಗೇ ಬರುತ್ತಿತ್ತು. ಒಂದು ಮಧ್ಯಾಹ್ನ ಸಿಹಿತಿಂಡಿ ಅಂಗಡಿಯಿಂದ 180 ರೂಪಾಯಿ. ಸಂಜೆ ಮನೆಗೆ ಹೋಗಿ, "ಅಮ್ಮ, ಮೈಸೂರ್ ಪಾಕ್ ತಗೊಂಡ್ಯಾ?" ಅಂದೆ.

"ಲೋ ಶುಗರ್ ಆಗಿತ್ತು ಕಣೋ."

"ಕಾಲು ಕೇಜಿಯಷ್ಟಾ?"

ಎರಡು ದಿನ ಮಾತಿಲ್ಲ. ಮೂರನೇ ದಿನ ಬ್ಯಾಂಕಿಗೆ ಒಬ್ಬಳೇ ಬಸ್ಸಲ್ಲಿ ಹೋಗಿ, ಫಾರಂ ತುಂಬಿ, ಆ ಖಾತೆಗೆ ತನ್ನ ನಂಬರ್ ಹಾಕಿಸಿಕೊಂಡು ಬಂದಳು.